ಎರಡು ಸ್ವರದ ಶಿಳ್ಳೆ

ಸ್ಟುಡಿಯೋಗೆ ಹೊಸದಾಗಿ ಸೇರಿದವರು ತೊಂಬತ್ತಮ್ಮ ಎಂಬ ಹೆಸರು ಕೇಳಿದ ಕೂಡಲೇ ಕೋಲೂರಿಕೊಂಡು ಬರುವ ಹಣ್ಣು ಹಣ್ಣು ಮುದುಕಿಯೊಬ್ಬಳನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳುತ್ತಿದ್ದರು. ಬರುತ್ತಿದ್ದವಳು ಆಗಷ್ಟೇ ನಲವತ್ತು ದಾಟಿದ, ಕತ್ತಿಗೆ ಹೆಡ್‌ಫೋನು ನೇತುಹಾಕಿಕೊಂಡ, ಮೆಟ್ಟಿಲನ್ನು ಎರಡೆರಡಾಗಿ ಹತ್ತುವ ಹೆಂಗಸು. ಅನಿಮೆ ಎಂಬ ಜಪಾನಿ ಮಾದರಿಯ ಕಾರ್ಟೂನ್ ಸರಣಿಯ ಪ್ರತಿ ಕಂತಿನ ಶುರುವಿಗೆ ಬರುವ ಹಾಡು ತೊಂಬತ್ತು ಸೆಕೆಂಡಿನದು. ಆಕೆ ಅಂಥ ಹಾಡುಗಳನ್ನು ಮಾತ್ರ ಮಾಡುತ್ತಿದ್ದಳು. ಅದಕ್ಕಿಂತ ಉದ್ದದ್ದು ಬೇಕೆಂದು ಯಾರೂ ಕೇಳಿರಲಿಲ್ಲ, ಗಿಡ್ಡದ್ದು ಬೇಕೆಂದು ಕೇಳಿದವರಿಗೆ ಆಕೆ ಸೊಪ್ಪು ಹಾಕಿರಲಿಲ್ಲ. ಹೆಸರು ಹಾಗೆ ಅಂಟಿಕೊಂಡಿತ್ತು.

ಇಂಥ ಹಾಡಿನ ಪಾಕ ಎಲ್ಲರಿಗೂ ಗೊತ್ತಿರುವಂಥದೇ. ನಾಯಕ ಓಡಬೇಕು, ಯಾಕೆ ಓಡುತ್ತಾನೆ, ಯಾರು ಅಟ್ಟಿಸಿಕೊಂಡು ಬಂದರು ಎಂದು ಯಾರೂ ಕೇಳಬಾರದು. ಗಾಳಿಗೆ ಕೂದಲು ಹಾರಬೇಕು. ಖಳನ ಬೆನ್ನು ಮಾತ್ರ ಕಾಣಬೇಕು. ಡ್ರಮ್ಮು ಧಡಧಡ ಅಂದ ಮರುಕ್ಷಣ ಆಕಾಶ, ಆಕಾಶದ ತುಂಬ ಸರಣಿಯ ಹೆಸರು. ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು, ಮಾಡುತ್ತಲೂ ಇದ್ದಾರೆ. ಆದರೂ ನೂರು ಹಾಡಿನಲ್ಲಿ ತೊಂಬತ್ತೊಂಬತ್ತು ಮರುವರ್ಷಕ್ಕೆ ಯಾರ ಬಾಯಲ್ಲೂ ಉಳಿದಿರುವುದಿಲ್ಲ. ಒಂದೇ ಒಂದು ಮಾತ್ರ ಅಭಿಮಾನಿಗಳ ಮೈಗೆ ಹಚ್ಚೆಯಂತೆ ಹತ್ತಿಕೊಳ್ಳುತ್ತದೆ. ಮಕ್ಕಳಾದ ಮೇಲೂ, ಕೂದಲು ಉದುರಿದ ಮೇಲೂ, ಎಲ್ಲೋ ಅಂಗಡಿಯಲ್ಲಿ ಅದು ಕೇಳಿದರೆ ಸಾಮಾನು ಕೊಳ್ಳುವುದನ್ನು ಬಿಟ್ಟು ನಿಂತುಬಿಡುತ್ತಾರೆ. ಅದು ಯಾಕೆ ಎಂಬುದನ್ನು ತೊಂಬತ್ತಮ್ಮ ಎಷ್ಟೋ ವರ್ಷದಿಂದ ತಲೆಗೆ ಹಚ್ಚಿಕೊಂಡಿದ್ದಳು. ಈ ಸಲ ಉತ್ತರ ಸಿಕ್ಕಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಸರಿಯಾಗಿ ಅದೇ ಸಮಯಕ್ಕೆ ನಿರ್ಮಾಪಕರು ಅವಳನ್ನು ಕೋಣೆಗೆ ಕರೆಸಿದರು.

ನಿರ್ಮಾಪಕರು ಕೆಟ್ಟವರಲ್ಲ. ಅವರ ಕೈಯಲ್ಲಿ ಗ್ರಾಫ್ ಇತ್ತು, ಅಷ್ಟೇ. ಕೆಟ್ಟವರ ಜೊತೆಯಾದರೂ ವಾದ ಮಾಡಬಹುದು, ಗ್ರಾಫ್ ಹಿಡಿದವರ ಜೊತೆ ಕಷ್ಟ.

“ನೋಡಿ ಮೇಡಂ, ಹಾಡು ಶುರುವಾಗಿ ‘ಮುಂದೆ ಹೋಗಿ’ ಅನ್ನೋ ಬಟನ್ ಕಂಡ ತಕ್ಷಣ ಮುಕ್ಕಾಲುಪಾಲು ಜನ ಒತ್ತಿಬಿಡ್ತಾರೆ. ನೀವು ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಯಾರೂ ಕೇಳ್ತಿಲ್ಲ. ಈ ಸಲ ಹತ್ತೇ ಸೆಕೆಂಡಿಂದು ಮಾಡಿ. ಧಡ್ ಅನ್ಲಿ, ಹೆಸರು ಬರ್ಲಿ, ಮುಗೀಲಿ.”

“ಹತ್ತು ಸೆಕೆಂಡಲ್ಲಿ ಸೀನಬಹುದು ಸಾರ್, ಹಾಡೋಕಾಗಲ್ಲ.”

“ತಮಾಷೆ ಬೇಡ.”

“ತಮಾಷೆ ಯಾರು ಮಾಡಿದ್ರು?” ಎಂದು ಅವಳು ಕುರ್ಚಿ ಎಳೆದುಕೊಂಡು, ಕೂರಲು ಹೇಳದಿದ್ದರೂ ಕೂತಳು.

ಸರಣಿಯ ಹೆಸರು ‘ಲಾಟೀನು ಗಾಡಿ’. ಯಾವ ಪುಸ್ತಕದಿಂದಲೂ ಎತ್ತಿದ ಕಥೆಯಲ್ಲ, ಹಾಗಾಗಿ ಮುಂದೇನಾಗುತ್ತದೆ ಎಂದು ಹೊರಗಿನವರಿಗೆ ಗೊತ್ತಿರಲಿಲ್ಲ. ಸೂರ್ಯ ಹುಟ್ಟುವುದನ್ನೇ ನಿಲ್ಲಿಸಿದ ನಾಡಿನಲ್ಲಿ ಅಣ್ಣತಂಗಿ ಇಬ್ಬರು ಲಾಟೀನು ತುಂಬಿದ ಗಾಡಿ ತಳ್ಳಿಕೊಂಡು ಊರೂರಿಗೆ ಬೆಳಕು ಮಾರುತ್ತಾರೆ. ಅಣ್ಣ ದಾರಿ ನೋಡಲು ಮುಂದೆ ಹೋಗುತ್ತಾನೆ, ಕತ್ತಲಲ್ಲಿ ತಂಗಿಗೆ ದಾರಿ ತಿಳಿಯಲೆಂದು ಶಿಳ್ಳೆ ಹಾಕುತ್ತಾನೆ. ಏಳನೆಯ ಕಂತಿನಲ್ಲಿ ಅವನು ಸುರಂಗವೊಂದಕ್ಕೆ ಇಳಿಯುತ್ತಾನೆ, ಸುರಂಗ ಕುಸಿಯುತ್ತದೆ. ಎಂಟನೆಯ ಕಂತಿನಿಂದ ಗಾಡಿ ತಳ್ಳುವವಳು ತಂಗಿಯೊಬ್ಬಳೇ.

“ನನ್ನ ಹಾಡು ಓಡ್ತಾ ಓಡ್ತಾ ಮಧ್ಯದಲ್ಲಿ ಗಕ್ಕನೆ ನಿಲ್ಲುತ್ತೆ,” ಎಂದಳು ತೊಂಬತ್ತಮ್ಮ. “ಡ್ರಮ್ಮಿಲ್ಲ, ಗಿಟಾರಿಲ್ಲ, ಏನೂ ಇಲ್ಲ. ಅಣ್ಣನ ಶಿಳ್ಳೆ ಮಾತ್ರ. ಎರಡೇ ಸ್ವರ. ತಂಗಿ ತಿರುಗಿ ನೋಡ್ತಾಳೆ, ಆಮೇಲೆ ಎಲ್ಲ ವಾದ್ಯ ಒಟ್ಟಿಗೆ ಬಂದು ಬೀಳುತ್ತೆ. ಏಳು ಕಂತು ಹೀಗೆ. ಎಂಟನೇದರಲ್ಲೂ ಹಾಡು ಅದೇ ಜಾಗದಲ್ಲಿ ನಿಲ್ಲುತ್ತೆ, ತಂಗಿ ಅದೇ ಥರ ತಿರುಗ್ತಾಳೆ. ಶಿಳ್ಳೆ ಬರಲ್ಲ.”

ನಿರ್ಮಾಪಕರು ಇನ್ನೂ ಏನೋ ಇದೆಯೆಂದು ಕಾದರು. “ಅಷ್ಟೇನಾ?”

“ಅಷ್ಟೇ. ಒಬ್ಬರು ಇಲ್ಲ ಅಂತ ಅನ್ನಿಸಬೇಕಾದ್ರೆ ಮೊದಲು ಅವರು ದಿನಾ ಬರ್ತಿರಬೇಕು ಸಾರ್. ಹಾಡು ಅನ್ನೋದು ಮೊದಲ್ನೇ ಸಲ ಕೇಳಿದಾಗ ಹಾಡಲ್ಲ, ಬರೀ ಸದ್ದು. ಜನ ಅದನ್ನ ಇಷ್ಟಪಡೋದು ಟ್ಯೂನ್ ಚೆನ್ನಾಗಿದೆ ಅಂತಲ್ಲ, ಅದರ ಜೊತೆ ಏನೇನೋ ಅನುಭವಿಸಿರ್ತಾರೆ ಅಂತ. ನೀವು ಹತ್ತು ಸೆಕೆಂಡಿಗೆ ಕತ್ತರಿಸಿದ್ರೆ ಅನುಭವಿಸೋಕೆ ಜಾಗ ಎಲ್ಲಿ?”

ನಿರ್ಮಾಪಕರು ಗ್ರಾಫನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದರು. ಹತ್ತು ವರ್ಷದ ಒಡನಾಟದಲ್ಲಿ ಈಕೆ ಪಟ್ಟು ಬಿಟ್ಟದ್ದನ್ನು ಅವರು ಕಂಡಿರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಮುಂದಿನ ಭಾನುವಾರ ಅಭಿಮಾನಿ ಸಂಘದ ಕೆಲವರನ್ನು ಕರೆದು, ಬೆಳಗಿನಿಂದ ಎಂಟು ಕಂತನ್ನೂ ತೋರಿಸುವುದು. ಹಾಡು ಬಂದರೆ ಸಾಕು ಹಾರಿಸಿಬಿಡುತ್ತೇನೆ ಎನ್ನುವವನ ಕೈಗೇ ರಿಮೋಟ್ ಕೊಡುವುದು. ಎಂಟನೆಯ ಕಂತಿನ ಹಾಡನ್ನೂ ಅವನು ಹಾರಿಸಿದರೆ ಹತ್ತು ಸೆಕೆಂಡಿನದೇ ಗಟ್ಟಿ.

“ಆಗಲಿ,” ಎಂದು ಹೊರಬಂದ ತೊಂಬತ್ತಮ್ಮ ಅಂದು ಮೆಟ್ಟಿಲನ್ನು ಒಂದೊಂದಾಗಿಯೇ ಇಳಿದಳು. ಹಠಮಾರಿಗಳಿಗೆ ಭಯವಾಗುವುದಿಲ್ಲ ಎಂದುಕೊಂಡವರಿಗೆ ಹಠದ ಬಗ್ಗೆ ಏನೂ ಗೊತ್ತಿಲ್ಲ.

ಇನ್ನು ಶಿಳ್ಳೆಯ ಕೆಲಸ ಉಳಿದಿತ್ತು. ಸ್ಟುಡಿಯೋಗೆ ಬಂದ ಇಬ್ಬರು ಶಿಳ್ಳೆಗಾರರೂ ಎತ್ತಿದ ಕೈ, ಕೊಳಲಿನಂತೆ ನುಣ್ಣಗೆ ನುಡಿಸಿದರು. ತೊಂಬತ್ತಮ್ಮ ಇಬ್ಬರಿಗೂ ಕೈಮುಗಿದು ಕಳಿಸಿದಳು. “ಇವರಿಗಿಂತ ಒಳ್ಳೆಯವರನ್ನ ಎಲ್ಲಿಂದ ತರ್ಲಿ?” ಎಂದು ಸೌಂಡ್ ಇಂಜಿನಿಯರ್ ಹಣೆ ಹಣೆ ಚಚ್ಚಿಕೊಂಡ. ಅವಳಿಗೆ ಒಳ್ಳೆಯ ಶಿಳ್ಳೆ ಬೇಕಿರಲಿಲ್ಲ. ಯಾವ ಶಿಳ್ಳೆ ಬೇಕೆಂದು ಮೊದಲ ದಿನದಿಂದ ಗೊತ್ತಿತ್ತು, ಒಪ್ಪಿಕೊಳ್ಳಲು ಧೈರ್ಯವಿರಲಿಲ್ಲ ಅಷ್ಟೇ.

ಅವಳ ಅಪ್ಪ ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳ ಲಿಫ್ಟನ್ನೆಲ್ಲ ರಿಪೇರಿ ಮಾಡಿ, ಸಂಜೆ ಲಿಫ್ಟೇ ಇಲ್ಲದ ತಮ್ಮ ಕಟ್ಟಡದ ಬುಡದಲ್ಲಿ ಬಂದು ನಿಲ್ಲುತ್ತಿದ್ದರು. ಕೆಳಗಿನ ಬಾಗಿಲಿಗೆ ಸದಾ ಬೀಗ, ಕರೆಗಂಟೆ ಕೆಟ್ಟು ಯಾವ ಕಾಲವಾಗಿತ್ತೋ. ಅಲ್ಲಿಂದಲೇ ಎರಡು ಸ್ವರದ ಶಿಳ್ಳೆ ಹಾಕುತ್ತಿದ್ದರು. ಮೇಲಿನ ಮುಂಬಲ್ಲೊಂದು ಕೆಲಸದಲ್ಲಿ ಬಿದ್ದು ಹೋಗಿತ್ತಾದ್ದರಿಂದ ಎರಡನೆಯ ಸ್ವರದ ಕೊನೆಗೆ ಗಾಳಿ ಸೋರುತ್ತಿತ್ತು. ಮೂರನೆಯ ಮಹಡಿಯ ಕಿಟಕಿಯಿಂದ ಅಮ್ಮ ಬೀಗದ ಕೈಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕೆಳಗೆ ಎಸೆಯುತ್ತಿದ್ದಳು. ಕೆಳಗೆ ಅವರು ಒಂದು ದಿನವೂ ಹಿಡಿಯದೆ ಬಿಟ್ಟವರಲ್ಲ. ಅವರು ತೀರಿಹೋದ ಮರುದಿನ ಸಂಜೆ, ಮನೆತುಂಬ ನೆಂಟರು ಗಲಾಟೆ ಮಾಡುತ್ತಿದ್ದಾಗ, ಮಗಳಿಗೆ ಏನೋ ಕೇಳಿಸುತ್ತಿಲ್ಲ ಎನ್ನಿಸಿತು. ಏನು ಎಂದು ತಿಳಿದಾಗ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಅಪ್ಪ ಇದ್ದಷ್ಟು ದಿನ ಅದು ಬೀಗದ ಕೈ ಕೇಳುವ ಸದ್ದಾಗಿತ್ತು. ಅಂದು ಮೊದಲ ಸಲ ಅದು ಹಾಡಾಯಿತು.

ಗುರುವಾರ ಮಧ್ಯಾಹ್ನ, ಅದೇ ಮೂರನೆಯ ಮಹಡಿಯ ಮನೆಯಲ್ಲಿ, ಅಮ್ಮ ಮಲಗಿದ್ದಾಳೆಂದುಕೊಂಡು ತೊಂಬತ್ತಮ್ಮ ತನ್ನ ಕೋಣೆಯ ಬಟ್ಟೆ ಬೀರುವಿನೊಳಗೆ ತಲೆ ತೂರಿಸಿದಳು. ಕೋಟು, ಕಂಬಳಿಗಳ ನಡುವೆ ಮೈಕ್ ನಿಲ್ಲಿಸಿ, ಮುಂಬಲ್ಲಿಗೆ ನಾಲಿಗೆ ಒತ್ತಿ ಗಾಳಿ ಸೋರುವಂತೆ ಮಾಡಿ ಶಿಳ್ಳೆ ಹಾಕತೊಡಗಿದಳು. ಹತ್ತಾರು ಸಲ ತಪ್ಪಿತು. ಒಂದು ಸಲ ಸರಿಯಾಗಿ ಬಂತು. ಬೀರುವಿನಿಂದ ತಲೆ ಹೊರಗೆಳೆದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಬೀಗದ ಕೈ ಇತ್ತು.

“ನಾನು ಕಿಟಕಿ ತನಕ ಹೋಗಿದ್ದೆ ಕಣೇ,” ಎಂದಳು ಅಮ್ಮ.

ಹೇಳದೆ ದಾರಿಯಿರಲಿಲ್ಲ, ಮಗಳು ಎಲ್ಲವನ್ನೂ ಹೇಳಿದಳು. ಹಾಡು, ಅಣ್ಣತಂಗಿ, ಸುರಂಗ, ಏಳು ಸಲ, ಎಂಟನೆಯ ಕಂತೇ ಹಾಡಿನ ಪ್ರಾಣ ಎಂಬುದು. ಎಂಟನೆಯದರಲ್ಲಿ ಏನಿರುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಅಮ್ಮ ಮಂಚದ ತುದಿಯಲ್ಲಿ ಕೂತು ಕೇಳಿದಳು.

“ಯಾರನ್ನ ಕೇಳಿ ತಗೊಂಡೆ?”

“ಅವರು ನನ್ನಪ್ಪ ಅಮ್ಮ.”

“ಅಪ್ಪ ನಿನಗೆ. ಶಿಳ್ಳೆ ಹಾಕ್ತಿದ್ದಿದ್ದು ನನಗೆ.” ಅಮ್ಮನ ದನಿ ಏರಲಿಲ್ಲ, ಅದೇ ಹೆದರಿಕೆಯ ವಿಷಯ. “ನಿನ್ನ ಹಾಡು ಗೆಲ್ಲಬೇಕು ಅಂತೀಯ. ಗೆದ್ರೆ ಏನಾಗುತ್ತೆ? ಬೀದೀಲಿ ಹೋಗೋ ಪ್ರತಿಯೊಬ್ಬನೂ ಅದನ್ನ ಹಾಕ್ತಾನೆ. ಹಾಲಿನವನು ಹಾಕ್ತಾನೆ, ಸ್ಕೂಲ್ ಮಕ್ಕಳು ಹಾಕ್ತಾವೆ. ಪ್ರತಿ ಸಲ ನಾನು ಕಿಟಕಿಗೆ ಹೋಗ್ಬೇಕಾ? ಹೋಗಿ, ಇವರಲ್ಲ ಅಂತ ವಾಪಸ್ ಬರ್ಬೇಕಾ?”

ಜಗತ್ತಿನ ಬಾಯಲ್ಲಿ ಉಳಿಯುವ ಹಾಡಿಗಾಗಿ ಇಷ್ಟು ವರ್ಷ ಒದ್ದಾಡಿದವಳಿಗೆ, ಜಗತ್ತಿನ ಬಾಯಿ ಅಮ್ಮನ ಕಿಟಕಿಯ ಕೆಳಗೂ ಇರುತ್ತದೆ ಎಂಬುದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಆದರೂ ಕೈ ಬಿಡಲು ಮನಸ್ಸಾಗಲಿಲ್ಲ.

“ಭಾನುವಾರ ನೀನೂ ಬಾ,” ಎಂದಳು. “ಎಂಟನೇದರ ತನಕ ಕೂತು ನೋಡು. ಆಮೇಲೂ ನೀನು ಬೇಡ ಅಂದ್ರೆ ಅಲ್ಲೇ, ನಿನ್ನ ಕಣ್ಣೆದುರಿಗೇ ಅಳಿಸಿಹಾಕ್ತೀನಿ. ಆ ನಿರ್ಮಾಪಕರು ಹೂಂ ಅಂದ್ರೂ ಸರಿ.”

“ಎಂಟನೇದರ ತನಕ ಕೂರ್ತೀನಿ. ನೀನು ಮಾತು ತಪ್ಪಲ್ಲ ತಾನೆ?”

“ನಿನ್ನ ಮಗಳು ಕಣಮ್ಮ.”

ಹಾಗೆ ಒಂದು ಹಾಡಿಗೆ ಇಬ್ಬರು ನ್ಯಾಯಾಧೀಶರಾದರು. ಒಬ್ಬನ ಕೈಯಲ್ಲಿ ರಿಮೋಟ್, ಇನ್ನೊಬ್ಬಳ ಬಾಯಲ್ಲಿ ಒಂದು ಮಾತು. ಎರಡರಲ್ಲಿ ಯಾವುದು ವಿರುದ್ಧವಾಗಿ ಬಿದ್ದರೂ ಅಪ್ಪನ ಶಿಳ್ಳೆ ಆ ಬೀರುವಿನಲ್ಲೇ ಉಳಿಯುತ್ತಿತ್ತು.

ಭಾನುವಾರ ಸ್ಟುಡಿಯೋದ ಪ್ರದರ್ಶನದ ಕೋಣೆಗೆ ಅಭಿಮಾನಿಗಳು ಬಂದರು. ಅನಿಮೆ ಎಂದರೆ ಎಳೆ ಹುಡುಗರ ಹುಚ್ಚು ಎನ್ನುವವರು ಆ ಕೋಣೆಯನ್ನು ನೋಡಬೇಕಿತ್ತು. ಆಸ್ಪತ್ರೆಯ ಪಾಳಿ ಮುಗಿಸಿ ನೇರ ಬಂದಿದ್ದ ನರ್ಸ್ ಒಬ್ಬಳು, ಕಾಲೇಜಿನ ಅಕ್ಕತಂಗಿಯರು, ಬ್ಯಾಂಕಿನ ಗುಮಾಸ್ತ, ಇವರೆಲ್ಲರಿಗಿಂತ ದೊಡ್ಡ ಗಂಟಲಿನ ಒಬ್ಬ ಬಸ್ ಡ್ರೈವರ್. ಐವತ್ತರ ಹತ್ತಿರದವನು, ಹೊಟ್ಟೆ ಮೊದಲು ಒಳಗೆ ಬಂದು ಆಮೇಲೆ ಅವನು ಬಂದ. ಕಥೆಯೆಂದರೆ ಜೀವ, ಹಾಡೆಂದರೆ ಕೆಂಪು ದೀಪ ಎಂದು ಅವನೇ ಹೇಳಿಕೊಂಡ.

“ದಿನವಿಡೀ ಸಿಗ್ನಲ್ಲಲ್ಲಿ ಕಾಯ್ತೀನಿ ಸಾರ್. ಮನೇಲೂ ಕಾಯ್ಬೇಕಾ? ಕೊಡಿ ಇಲ್ಲಿ ರಿಮೋಟು.”

ನಿರ್ಮಾಪಕರು ಸಂತೋಷವಾಗಿ ಕೊಟ್ಟರು. ಅಮ್ಮ ಹಿಂದಿನ ಸಾಲಿನ ಮೂಲೆಯಲ್ಲಿ, ಮಡಿಲಲ್ಲಿ ಬಟಾಣಿಯ ಚೀಲ ಇಟ್ಟುಕೊಂಡು ಕೂತಿದ್ದಳು. ಸುಮ್ಮನೆ ಕೂತು ಗೊಂಬೆ ನೋಡುವುದು ಅವಳ ಜಾಯಮಾನಕ್ಕೆ ಒಗ್ಗದು; ನೋಡುತ್ತ ನೋಡುತ್ತ ಸಿಪ್ಪೆ ಸುಲಿದರೆ ರಾತ್ರಿಯ ಅಡುಗೆಗಾದರೂ ಆಯಿತು. ತೊಂಬತ್ತಮ್ಮ ಕೂರಲಾರದೆ ಗೋಡೆಗೆ ಒರಗಿ ನಿಂತಳು.

ಮೊದಲ ಕಂತು. ಡ್ರಮ್ಮು ಶುರುವಾಯಿತು, ಬಟನ್ ಕಂಡಿತು, ಡ್ರೈವರ್ ಒತ್ತಿಬಿಟ್ಟ. ಎರಡನೆಯದೂ ಅದೇ ಗತಿ. ನಿರ್ಮಾಪಕರು ಅವಳತ್ತ ನೋಡದೆ ಇರುವಷ್ಟು ಒಳ್ಳೆಯವರಾಗಿದ್ದರು, ಅದರಿಂದ ಅವಳಿಗೆ ಇನ್ನೂ ಉರಿಯಿತು.

ಮೂರನೆಯ ಕಂತು ಬರುವ ಹೊತ್ತಿಗೆ ತಿಂಡಿಯ ತಟ್ಟೆಗಳು ಬಂದಿದ್ದವು. ಡ್ರೈವರನ ಎರಡೂ ಕೈ ಜಿಡ್ಡಾಗಿತ್ತು, ಬೆರಳು ನೆಕ್ಕಿಕೊಳ್ಳುವಷ್ಟರಲ್ಲಿ ಹಾಡು ಅರ್ಧ ದಾಟಿತ್ತು. ಓಡುತ್ತಿದ್ದ ಹಾಡು ಗಕ್ಕನೆ ನಿಂತಿತು. ಕತ್ತಲಿನಿಂದ ಶಿಳ್ಳೆ ಬಂತು. ಮೊದಲು ಗಿಡ್ಡದ್ದು, ಆಮೇಲೆ ಮೇಲಕ್ಕೆ ಹೋಗಿ ನಿಂತದ್ದು, ಕೊನೆಗೆ ಸೋರಿಹೋದ ಗಾಳಿ. ತಂಗಿ ತಿರುಗಿದಳು, ಎಲ್ಲ ವಾದ್ಯಗಳೂ ಒಟ್ಟಿಗೆ ನುಗ್ಗಿದವು. “ಓಹೋ!” ಎಂದಳು ನರ್ಸ್. ಹಿಂದಿನ ಸಾಲಿನಲ್ಲಿ ಅಮ್ಮನ ಕೈ ಬಟಾಣಿಯ ಮೇಲೇ ನಿಂತಿತ್ತು, ಮುಖ ಬಾಗಿಲ ಕಡೆ ತಿರುಗಿತ್ತು. ಅದನ್ನು ಕಂಡು ತೊಂಬತ್ತಮ್ಮ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಇದನ್ನು ಇಲ್ಲಿಗೇ ನಿಲ್ಲಿಸಿಬಿಡಲೇ ಎಂದುಕೊಂಡಳು. ನಿಲ್ಲಿಸಲಿಲ್ಲ.

ಕಂತು ಮುಗಿದಾಗ ಅಮ್ಮ ಹತ್ತಿರ ಕರೆದಳು. “ತೆಗಿ ಅದನ್ನ. ನನ್ನ ಕೈಲಾಗಲ್ಲ.”

“ಎಂಟನೇದರ ತನಕ ಕೂರ್ತೀನಿ ಅಂದಿದ್ದೆ ನೀನು.”

ಅಮ್ಮ ಅವಳನ್ನು ದುರುಗುಟ್ಟಿ ನೋಡಿದಳು. ಆ ಮನೆಯ ಹಠ ಎಲ್ಲಿಂದ ಹರಿದು ಬಂದದ್ದು ಎಂದು ಆಗ ಯಾರಿಗಾದರೂ ತಿಳಿಯುತ್ತಿತ್ತು. “ಅಂದಿದ್ದೆ. ಕೂರ್ತೀನಿ,” ಎಂದು ಇನ್ನೊಂದು ಬಟಾಣಿಯ ಬೆನ್ನು ಮುರಿದಳು.

ನಾಲ್ಕನೆಯದಕ್ಕೆ ಡ್ರೈವರ್ ಬೆರಳು ಎತ್ತಿದ. “ಅಯ್ಯೋ ಇರ್ಲಿ ಬಿಡ್ರಿ, ಆ ಶಿಳ್ಳೆ ಬರ್ಲಿ,” ಎಂದಳು ನರ್ಸ್. “ಒಂದೂವರೆ ನಿಮಿಷಕ್ಕೆ ನಿಮ್ಮ ಬಸ್ಸೇನು ತಪ್ಪಿಹೋಗಲ್ಲ.” ಅವನು ಗೊಣಗಿಕೊಂಡು ಬಿಟ್ಟ. ಐದನೆಯದಕ್ಕೆ ಗೊಣಗುವುದನ್ನು ಮರೆತ. ಆರನೆಯದಕ್ಕೆ ಅವನ ಕಾಲು ಬ್ರೇಕು ಒತ್ತಿದ ಹಾಗೆ ತಾಳ ಹಾಕುತ್ತಿತ್ತು, ಹಾಡು ನಿಲ್ಲುವ ಜಾಗಕ್ಕೆ ಸರಿಯಾಗಿ ಇಡೀ ಕೋಣೆ ಉಸಿರು ಹಿಡಿದು, ಶಿಳ್ಳೆ ಬಂದ ಮೇಲೆ ಬಿಟ್ಟಿತು. ಯಾರೂ ಹೇಳಿಕೊಟ್ಟದ್ದಲ್ಲ. ತೊಂಬತ್ತಮ್ಮನಿಗೆ ಕುಣಿಯಬೇಕೆನ್ನಿಸಿತು. ಆದರೆ ಪ್ರತಿ ಸಲವೂ ಅಮ್ಮ ಬಾಗಿಲ ಕಡೆ ತಿರುಗುತ್ತಿದ್ದಳು. ಪ್ರತಿ ಸಲವೂ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಏಳನೆಯ ಕಂತಿನಲ್ಲಿ ಅಣ್ಣ ಸುರಂಗಕ್ಕಿಳಿದ. ತಂಗಿ ಮೇಲೆ ಲಾಟೀನು ಹಿಡಿದು ನಿಂತಳು. ಕೆಳಗಿನಿಂದ ಒಮ್ಮೆ ಶಿಳ್ಳೆ ಕೇಳಿತು, ಇನ್ನೂ ಆಳದಿಂದ ಇನ್ನೊಮ್ಮೆ ಕೇಳಿತು. ಆಮೇಲೆ ನೆಲ ಕುಸಿಯಿತು. ಕೊನೆಯ ದೃಶ್ಯದ ತನಕ ತಂಗಿ ಅಲ್ಲೇ ಕಿವಿಗೊಟ್ಟು ಕೂತಿದ್ದಳು, ಪರದೆ ಕಪ್ಪಾಯಿತು.

ಗುಮಾಸ್ತ ಕನ್ನಡಕ ತೆಗೆದು ಒರೆಸಿದ್ದನ್ನೇ ಒರೆಸುತ್ತಿದ್ದ. “ಬರ್ತಾನೆ, ಅವನೆಲ್ಲಿ ಹೋಗ್ತಾನೆ, ಬರ್ತಾನೆ,” ಎಂದ ಡ್ರೈವರ್, ಯಾರಿಗೆ ಹೇಳಿದನೋ. ಅಮ್ಮ ಬಟಾಣಿಯ ಚೀಲವನ್ನು ಕೆಳಗಿಟ್ಟಿದ್ದಳು.

ಎಂಟನೆಯ ಕಂತು ಶುರುವಾಯಿತು. ಅದೇ ಡ್ರಮ್ಮು, ಅದೇ ಓಟ, ಪರದೆಯ ಮೂಲೆಯಲ್ಲಿ ಅದೇ ಬಟನ್.

“ಬೇಕಿದ್ರೆ ಮುಂದೆ ಹೋಗಿ, ಸಂಕೋಚ ಬೇಡ,” ಎಂದರು ನಿರ್ಮಾಪಕರು, ನ್ಯಾಯವಾಗಿಯೇ.

ರಿಮೋಟ್ ಡ್ರೈವರನ ತೊಡೆಯ ಮೇಲಿತ್ತು. ಅವನು ಅದನ್ನು ಎತ್ತಿ ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟು, ಮುಂದಕ್ಕೆ ಬಾಗಿ ಕೂತ. ತೊಂಬತ್ತಮ್ಮ ಗೆದ್ದಿದ್ದಳು. ಆದರೆ ಅವಳು ಅವನನ್ನಾಗಲಿ, ನಿರ್ಮಾಪಕರನ್ನಾಗಲಿ ನೋಡುತ್ತಿರಲಿಲ್ಲ, ಹಿಂದಿನ ಸಾಲಿನ ಮೂಲೆಯನ್ನು ನೋಡುತ್ತಿದ್ದಳು. ಆ ಜಾಗ ಹತ್ತಿರವಾಗುತ್ತಿದ್ದಂತೆ ಅಮ್ಮ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಮೈ ಗಟ್ಟಿ ಮಾಡಿಕೊಂಡು ಕೂತಳು.

ಹಾಡು ಗಕ್ಕನೆ ನಿಂತಿತು. ಪರದೆಯಲ್ಲಿ ತಂಗಿ ತಿರುಗಿದಳು.

ಏನೂ ಬರಲಿಲ್ಲ.

ಎಷ್ಟು ಹೊತ್ತಾಯಿತೆಂದರೆ, ಸ್ಟುಡಿಯೋದ ಫ್ಯಾನು ತಿರುಗುವ ಸದ್ದು ಕೇಳತೊಡಗಿತು. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಅಮ್ಮ ಬಾಗಿಲ ಕಡೆ ತಿರುಗಲಿಲ್ಲ. ಅವಳ ಕಣ್ಣು ತಂಗಿಯ ಮೇಲಿತ್ತು. ಕರೆಯದೆ ಇದ್ದರೂ ತಿರುಗಿ ನೋಡಿದ ಆ ಗೊಂಬೆ ಹುಡುಗಿಯ ಮುಖವನ್ನು ಅವಳು ಚೆನ್ನಾಗಿ ಗುರುತಿರುವವರನ್ನು ನೋಡುವಂತೆ ನೋಡುತ್ತಿದ್ದಳು.

ಆಗ ಡ್ರೈವರನಿಗೆ ತಡೆಯಲಾಗಲಿಲ್ಲ. ಎರಡು ಬೆರಳು ಬಾಯಿಗಿಟ್ಟು, ಬಸ್ಸಿನ ಹಾರನ್ನಿನಷ್ಟು ಜೋರಾಗಿ ಶಿಳ್ಳೆ ಹಾಕಿದ. ಎರಡು ಸ್ವರವೇನೋ ಹೌದು, ಆದರೆ ಮೊದಲನೆಯದನ್ನು ಎಳೆದ, ಎರಡನೆಯದನ್ನು ಕತ್ತರಿಸಿದ. ಹಾಡು ಮತ್ತೆ ನುಗ್ಗಿ ಬಂದು ಮುಗಿಯಿತು. ಅವನು ಕಣ್ಣೊರೆಸಿಕೊಳ್ಳುತ್ತ, “ತಪ್ಪಾಯ್ತು, ಸುಮ್ನಿರೋಕಾಗ್ಲಿಲ್ಲ,” ಎಂದ.

“ಹಾಗಲ್ಲಪ್ಪ,” ಎಂದಳು ಅಮ್ಮ.

ಎಲ್ಲರೂ ಹಿಂದೆ ತಿರುಗಿದರು. ಅಮ್ಮ ಎದ್ದು ನಿಂತಿದ್ದಳು.

“ಮೊದಲ್ನೇದನ್ನ ಎಳೀಬಾರ್ದು, ಅದು ಗಿಡ್ಡ. ಎರಡನೇದು ಮೇಲಕ್ಕೆ ಹೋಗಿ ಅಲ್ಲೇ ಒಂಚೂರು ನಿಲ್ಬೇಕು. ಕೊನೆಗೆ ಗಾಳಿ ಸೋರ್ಬೇಕು. ಇಲ್ಲೊಂದು ಹಲ್ಲಿರ್ಲಿಲ್ಲ,” ಎಂದು ತನ್ನ ಮುಂಬಲ್ಲನ್ನು ಮುಟ್ಟಿ ತೋರಿಸಿದಳು.

“ಯಾರಿಗೆ ಅಮ್ಮ, ಆ ಅಣ್ಣನಿಗಾ?” ಎಂದಳು ನರ್ಸ್.

“ನಮ್ಮನೆಯವರಿಗೆ.”

ನಿರ್ಮಾಪಕರು ಪರದೆಯ ಸದ್ದನ್ನು ತಾವೇ ಎದ್ದು ಹೋಗಿ ತಗ್ಗಿಸಿದರು. ಡ್ರೈವರ್ ತುಟಿ ಒದ್ದೆ ಮಾಡಿಕೊಂಡು, ಈ ಸಲ ಮೆಲ್ಲಗೆ ಹಾಕಿದ. ಅಮ್ಮ ತಲೆಯಾಡಿಸಿದಳು, ಇನ್ನೂ ಸ್ವಲ್ಪ ಗಾಳಿ ಬೇಕೆಂದಳು. ಅವನು ನಾಲಿಗೆಯನ್ನು ಹಲ್ಲಿಗೆ ಒತ್ತಿ ಮತ್ತೊಮ್ಮೆ ಹಾಕಿದ. ಅಮ್ಮ ಕಣ್ಣು ಮುಚ್ಚಿ, ಕೊನೆಯ ಗಾಳಿ ಸೋರಿ ಮುಗಿಯುವ ತನಕ ಕೇಳಿದಳು.

“ಹೂಂ. ಹೀಗೆ,” ಎಂದಳು. ಆಮೇಲೆ ಮಗಳ ಕಡೆ ತಿರುಗಿದಳು. “ಎಲ್ಲರಿಗೂ ಹೀಗೇ ಕಲಿಸು. ತಪ್ಪಾಗಿ ಹಾಕಿದ್ರೆ ನನಗೆ ಸಹಿಸೋಕಾಗಲ್ಲ.”